ಊಹೆ ಹೇಳಬಾರದ ಮನೆ

ಗುಂಡಿಯನ್ನು ಹಿಂದಿನ ಕೋಣೆಗೆ ಹಾಕುತ್ತಾರಂತೆ ಎಂಬ ಸುದ್ದಿ ಮನೆಗೆ ಬಂದದ್ದು ಊಟದ ಹೊತ್ತಿಗೆ. ತಂದವಳು ಗುಂಡಿಯೇ. ಎರಡನೇ ತರಗತಿಯ ಹುಡುಗಿ. ಕೂಸಾಗಿದ್ದಾಗ ಯಾರದೋ ಕೋಟಿನ ಗುಂಡಿ ನುಂಗಿ ಮನೆಮಂದಿಯ ಜೀವ ಬಾಯಿಗೆ ತಂದಿದ್ದಳು, ಅಂದಿನಿಂದ ಅದೇ ಹೆಸರು ಉಳಿಯಿತು. ಕೈ ತೊಳೆದು ತಟ್ಟೆಯ ಮುಂದೆ ಕೂತು, "ಪರೀಕ್ಷೆ ಆದ್ಮೇಲೆ ನಾನು ಹಿಂದಿನ ಕೋಣೆಗಂತೆ," ಎಂದಳು.

ಅನ್ನ ಬಡಿಸುತ್ತಿದ್ದ ತಾಯಿಯ ಸೌಟು ಅರ್ಧದಲ್ಲೇ ನಿಂತಿತು. "ಯಾರು ಹೇಳಿದ್ದು?"

"ಮೇಡಂ."

"ಯಾಕಂತೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಏನಾದ್ರೂ ಕಾರಣ ಇರುತ್ತಲ್ವಾ? ಏನು ಅನ್ಸುತ್ತೆ ನಿಂಗೆ?"

ಗುಂಡಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಪಲ್ಯ ಕಲಸುತ್ತಲೇ, "ಮಗೂನ ಯಾಕೆ ಪೀಡಿಸ್ತೀಯ? ಗೊತ್ತಿಲ್ಲ ಅಂದ್ಳಲ್ಲ, ಮುಗೀತು," ಎಂದಳು.

ಹಿಂದಿನ ಕೋಣೆ ಎಂದರೆ ಶಾಲೆಯ ಸಾಮಾನು ಕೋಣೆಗೆ ಅಂಟಿಕೊಂಡ ಒಂದು ಕತ್ತಲೆ ಜಾಗ. ಪಾಠ ತಲೆಗೆ ಹತ್ತುವುದಿಲ್ಲ ಎಂದು ಹಣೆಪಟ್ಟಿ ಹಚ್ಚಿದ ಮಕ್ಕಳನ್ನು ಅಲ್ಲಿ ಕೂರಿಸಿ, ಬಣ್ಣದ ಕಡ್ಡಿ ಕೊಟ್ಟು, ಬಾಗಿಲು ಮುಂದೆ ಮಾಡಿ ಹೋಗುತ್ತಾರೆ. ಅಲ್ಲಿಗೆ ಹೋದ ಮಗು ಮತ್ತೆ ತನ್ನ ತರಗತಿಗೆ ಬಂದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿಲ್ಲ. ಪಕ್ಕದ ಮನೆಯ ಹುಡುಗಿ ಎರಡು ವರ್ಷ ಅದೇ ಆನೆಗೆ ಅದೇ ಬಣ್ಣ ಹಚ್ಚಿ, ಕೊನೆಗೆ ಶಾಲೆಯನ್ನೇ ಬಿಟ್ಟಳು.

ಇವರದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಯಜಮಾನಿ ಅಜ್ಜಿ. ಬಂದ ಬಟ್ಟೆಯನ್ನೆಲ್ಲ ಉದ್ದನೆಯ ಮೇಜಿನ ಮೇಲೆ ಹರವಿ, ಕಲೆ ನೋಡಿ ಬೇರೆ ಮಾಡುವ ಕೆಲಸವನ್ನು ಅವಳು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಮಗ ಹಬೆಯ ಇಸ್ತ್ರಿ ನೋಡಿಕೊಳ್ಳುತ್ತಾನೆ. ಬಾಯಿ ಕಡಿಮೆ, ಮುಂಗೈ ತುಂಬ ಸುಟ್ಟ ಗುರುತು. ಸೊಸೆ ಗಿರಾಕಿಗಳನ್ನು ನೋಡುತ್ತಾಳೆ, ಅಡುಗೆಯನ್ನೂ ಮಾಡುತ್ತಾಳೆ, ಬೈಗುಳವನ್ನೂ ತಿನ್ನುತ್ತಾಳೆ. ಇವರಲ್ಲದೆ ಅಜ್ಜಿಯ ಮಗಳು ಒಬ್ಬಳಿದ್ದಾಳೆ. ಮದುವೆಯಾಗಿಲ್ಲ, ಓದಿದವಳು, ಪ್ರಾಥಮಿಕ ಶಾಲೆಯ ಟೀಚರು. ಮನೆಯಲ್ಲಿ ಎಲ್ಲರೂ ಅವಳನ್ನು ಅರ್ಧ ಹೆಮ್ಮೆಯಿಂದ, ಅರ್ಧ ಕೊಂಕಿನಿಂದ ಟೀಚರಮ್ಮ ಎನ್ನುತ್ತಾರೆ.

ಈ ವರ್ಷ ಟೀಚರಮ್ಮನಿಗೆ ವರ್ಗವಾದದ್ದು ಗುಂಡಿಯ ಶಾಲೆಗೇ. ಒಳ್ಳೆಯದೇ ಆಯಿತು ಎಂದುಕೊಂಡಿರಿ ತಾನೆ? ಮನೆಯವರೂ ಹಾಗೇ ಅಂದುಕೊಂಡಿದ್ದರು. ಆದರೆ ಮೊದಲ ದಿನ ಟೀಚರುಗಳ ಕೋಣೆಯಲ್ಲಿ ಯಾರೋ ಮನೆಯ ವಿಚಾರ ಕೇಳಿದಾಗ, ಟೀಚರಮ್ಮ ತಮ್ಮದು ಬಟ್ಟೆ ವ್ಯಾಪಾರ, ಬೇರೆ ಊರು ಎಂದುಬಿಟ್ಟಳು. ಬೇರೆಯವರ ಕೊಳೆ ಬಟ್ಟೆ ತೊಳೆಯುವ ಮನೆ ಎನ್ನಲು ನಾಲಿಗೆ ಹೊರಳಲಿಲ್ಲ. ಒಮ್ಮೆ ಹೇಳಿದ ಸುಳ್ಳನ್ನು ಸಾಕಲೇಬೇಕಾಯಿತು. ಅಂದಿನಿಂದ ಶಾಲೆಯಲ್ಲಿ ಗುಂಡಿ ಯಾರೋ, ಇವಳು ಯಾರೋ. ಅಜ್ಜಿಯೂ ಒಪ್ಪಿದಳು. ಮಗಳ ಕೆಲಸ ಕಾಯಂ ಆಗಲಿ, ಆಮೇಲೆ ನೋಡಿಕೊಂಡರಾಯಿತು ಎಂಬುದು ಅವಳ ಲೆಕ್ಕಾಚಾರ. ಸೊಸೆಯನ್ನು ಯಾರೂ ಕೇಳಲಿಲ್ಲ.

ಮರುದಿನ ತಾಯಿ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಶಾಲೆಗೆ ಹೋದಳು. ಗುಂಡಿಯ ತರಗತಿಯ ಮೇಡಂ ಕೆಟ್ಟವರೇನಲ್ಲ, ನಗುನಗುತ್ತಲೇ ಮಾತಾಡಿದರು. ಆ ನಗುವೇ ತಾಯಿಗೆ ಹೆಚ್ಚು ಉರಿಯಿತು.

"ನೋಡಮ್ಮಾ, ನಿಮ್ಮ ಮಗಳು ತುಂಬಾ ಸಾಧು. ಆದ್ರೆ ಏನು ಕೇಳಿದ್ರೂ ಬಾಯಿ ಬಿಡಲ್ಲ. ಈ ಕಾರ್ಡು ತೋರಿಸ್ತೀವಿ, ಮಕ್ಕಳು ಟಕ್ಕಂತ ಹೇಳ್ಬೇಕು. ಎಲ್ಲರೂ ಹೇಳ್ತಾರೆ. ಇವಳು ಕಾರ್ಡನ್ನ ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸ್ತಾಳೆ!"

ತಾಯಿ ಕಾರ್ಡು ನೋಡಿದಳು. ಕಪ್ಪುಬಿಳುಪಿನ ನಕಲು, ಒಂದು ದುಂಡನೆಯ ಹಣ್ಣು. "ಇದು ಸೇಬಾ ಟೊಮೇಟೋನಾ?"

"ಸೇಬು. ಮಕ್ಕಳು ಏನಾದ್ರೂ ಹೇಳಿದ್ರೆ ಸಾಕಮ್ಮಾ, ತಪ್ಪಾದ್ರೂ ಪರವಾಗಿಲ್ಲ. ನಾವು ತಿದ್ತೀವಿ. ಬಾಯೇ ಬಿಡದೇ ಇದ್ರೆ ನಾವೇನು ಅಂದ್ಕೋಬೇಕು? ಮೊನ್ನೆ ಏನು ಕೇಳಿದ್ಳು ಗೊತ್ತಾ? ಇದರ ಬಣ್ಣ ಏನು ಮೇಡಂ, ಅಂತ. ಇಡೀ ಕ್ಲಾಸು ನಕ್ಕುಬಿಡ್ತು."

"ಅವಳು ಕೇಳಿದ್ದರಲ್ಲಿ ತಪ್ಪೇನಿದೆ ಮೇಡಂ?"

ಮೇಡಂ ಇನ್ನಷ್ಟು ಸಿಹಿಯಾಗಿ ನಕ್ಕರು. "ತಾಯಿ ಮನಸ್ಸು, ಅರ್ಥ ಆಗುತ್ತೆ. ಪರೀಕ್ಷೆವರೆಗೂ ನೋಡೋಣ. ಆಮೇಲೆ ಒಪ್ಪಿಗೆಗೆ ಒಂದು ಸಹಿ ಹಾಕಿಕೊಡಿ."

ವರಾಂಡದಲ್ಲಿ ಟೀಚರಮ್ಮ ಎದುರಾದಳು. ಕೈಯಲ್ಲಿ ಹಾಜರಿ ಪುಸ್ತಕ, ಕೊರಳಲ್ಲಿ ಗುರುತಿನ ಚೀಟಿ. ಅತ್ತಿಗೆಯನ್ನು ನೋಡಿದಳು, ನೋಡದವಳಂತೆ ಹಾದುಹೋದಳು. ಬೆಳಿಗ್ಗೆ ತಾನೇ ಬೇಯಿಸಿಕೊಟ್ಟ ಮೊಟ್ಟೆ ತಿಂದು ಹೊರಟವಳು! ತಾಯಿಗೆ ಅಲ್ಲೇ ಕೂಗಬೇಕೆನಿಸಿತು. ಅತ್ತೆಯ ಅಪ್ಪಣೆ ನೆನಪಾಗಿ ನುಂಗಿಕೊಂಡು ಬಂದಳು.

ಸಂಜೆ ಅದನ್ನೆಲ್ಲ ಕಕ್ಕಿದಳು. ಎಲ್ಲಿ ಬೇಕೋ ಅಲ್ಲಿ ಆಡದ ಮಾತು ಮನೆಯಲ್ಲಿ ಪಾತ್ರೆಗಳ ಮೇಲೆ ಬೀಳುತ್ತದೆ. ಮುಚ್ಚಳಗಳು ಢಣಾರೆಂದವು.

"ನನ್ನ ಮೇಲಿನ ಸಿಟ್ಟನ್ನ ಪಾತ್ರೆ ಮೇಲೆ ಯಾಕೆ ತೋರಿಸ್ತೀರ ಅತ್ತಿಗೆ?" ಎಂದಳು ಟೀಚರಮ್ಮ.

"ಪಾತ್ರೆಯಾದ್ರೂ ಬಡಿದ್ರೆ ಸದ್ದು ಮಾಡುತ್ತೆ. ನೀನು ಅದೂ ಮಾಡಲ್ವಲ್ಲ!"

"ನಾನು ಆ ಕ್ಲಾಸಿನ ಟೀಚರಲ್ಲ. ಹೇಗೆ ಮಧ್ಯೆ ಬಾಯಿ ಹಾಕ್ಲಿ?"

"ಮಗೂನ ಪರವಾಗಿ ಒಂದು ಮಾತು. ಯಾರದೋ ಮಗು ಅಂತಾನೇ ಆಡು, ನಿನ್ನ ಅಣ್ಣನ ಮಗಳು ಅಂತ ಹೇಳ್ಬೇಡ. ಅಷ್ಟೂ ಆಗಲ್ವಾ?"

ಇಸ್ತ್ರಿ ಮುಗಿಸಿ ಬಂದ ಗಂಡ ಇಬ್ಬರ ಮುಖವನ್ನೂ ನೋಡಿ, "ಊಟ ಆಯ್ತಾ?" ಎಂದ. ಅವನ ಶಾಂತಿ ಮಾತುಕತೆ ಯಾವಾಗಲೂ ಅಲ್ಲಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ.

ಮಗಳು ಯಾಕೆ ಬಾಯಿ ಬಿಡುವುದಿಲ್ಲ ಎಂಬುದು ತಾಯಿಗೆ ಹೊಳೆದದ್ದು ಮುಂದಿನ ವಾರ, ಅಂಗಡಿಯಲ್ಲಿ. ಅಜ್ಜಿ ಒಂದು ಬಿಳಿ ಮೇಜುಬಟ್ಟೆ ಹರವಿ, "ಇದೇನು ಕಲೆ?" ಎಂದು ಕೇಳಿದಳು. ಗಿರಾಕಿಯ ಜೊತೆ ಮಾತಾಡುತ್ತಿದ್ದ ಸೊಸೆ ಅತ್ತ ಕಣ್ಣು ಹಾಯಿಸಿ, "ಟೊಮೇಟೊ ಇರ್ಬೇಕು ಅತ್ತೆ," ಎಂದಳು.

"ಇರ್ಬೇಕು! ಇರ್ಬೇಕು ಅಂತೆ!" ಅಜ್ಜಿ ಹರಿಹಾಯ್ದಳು. "ಬಿಸಿನೀರಿಗೆ ಹಾಕಿದ್ಮೇಲೆ ಅದು ರಕ್ತ ಆಗಿದ್ರೆ? ಜನ್ಮದಲ್ಲಿ ಹೋಗುತ್ತಾ ಆ ಕಲೆ? ಎಷ್ಟು ವರ್ಷ ಆಯ್ತು ಈ ಮನೆಗೆ ಬಂದು? ಗೊತ್ತಿದ್ರೆ ಹೇಳು, ಇಲ್ಲಾಂದ್ರೆ ಬಾಯಿ ಮುಚ್ಚು. ಊಹೆ ಹೇಳಿ ನನ್ನ ಅಂಗಡಿ ಮುಳುಗಿಸ್ಬೇಡ."

ಮೇಜಿನ ಇನ್ನೊಂದು ತುದಿಯಲ್ಲಿ ಗುಂಡಿ ತುದಿಗಾಲಿನ ಮೇಲೆ ನಿಂತಿದ್ದಳು. ಬಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಕಲೆಯ ಹಿಂಬದಿ ನೋಡಿ, ಉಗುರಿನಿಂದ ಕೆರೆದು, ಮೂಸಿ, ಕೊನೆಗೆ, "ಗೊತ್ತಿಲ್ಲ ಅಜ್ಜಿ," ಎಂದಳು.

"ನೋಡು, ಇದು ನನ್ನ ಮೊಮ್ಮಗಳು," ಎಂದು ಅಜ್ಜಿ ಅವಳ ತಲೆ ಸವರಿದಳು. "ಜಾಣೆ. ಗೊತ್ತಿಲ್ಲ ಅನ್ನೋಕೂ ಬುದ್ಧಿ ಬೇಕು."

ಸೊಸೆ ಬಟ್ಟೆಯ ಗಂಟು ಹಿಡಿದವಳು ಹಾಗೇ ನಿಂತುಬಿಟ್ಟಳು. ಇಲ್ಲಿ ಯಾವುದಕ್ಕೆ ತಲೆ ಸವರುತ್ತಾರೋ ಅಲ್ಲಿ ಅದಕ್ಕೇ ಹಿಂದಿನ ಕೋಣೆ. ತಪ್ಪಾದರೂ ಪರವಾಗಿಲ್ಲ ಎಂದು ಮೇಡಂ ನೂರು ಸಲ ಹೇಳಿದರೂ, ತಪ್ಪು ಹೇಳಿದರೆ ಏನಾಗುತ್ತದೆ ಎಂದು ಈ ಮಗು ನಡೆಯಲು ಕಲಿಯುವ ಮೊದಲೇ ನೋಡಿದೆ. ಹತ್ತು ವರ್ಷವಾದರೂ ಸೊಸೆಗೇ ರೂಢಿಯಾಗದ ನಿಯಮ ಮಗುವಿನ ಮೈಗೆ ಹತ್ತಿದೆ. ಹಾಗಾದರೆ ಈ ಮನೆಯಲ್ಲೇ ಹುಟ್ಟಿ ಬೆಳೆದ ಟೀಚರಮ್ಮನಿಗೆ ಇದು ಗೊತ್ತಿಲ್ಲವೇ?

"ಗೊತ್ತಿಲ್ದೆ ಏನು?" ಎಂದಳು ಅಜ್ಜಿ, ಸೊಸೆ ಅದನ್ನೇ ಕೇಳಿದಾಗ. "ಚಿಕ್ಕವಳಿದ್ದಾಗ ಡಾಕ್ಟರ ಕೋಟಿನ ಮೇಲಿದ್ದ ರಕ್ತಾನ ಜಾಮ್ ಅಂದ್ಬಿಟ್ಲು ನಿನ್ನ ನಾದಿನಿ. ಕೋಟು ಹಾಳಾಯ್ತು. ನಾನು ಇಡೀ ದಿನ ಆ ಕೋಟನ್ನ ಅವಳ ಹೆಗಲ ಮೇಲೆ ಹಾಕಿ ನಿಲ್ಲಿಸಿದ್ದೆ. ಆಮೇಲೆ ಶಾಲೇಲಿ ಒಂದು ವರ್ಷ ಮೂಗಿ ಅಂತಿದ್ರು ಅವಳನ್ನ."

ಮೇಲಿನಿಂದ ಟೀಚರಮ್ಮನ ದನಿ ಕೇಳುತ್ತಿತ್ತು. ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಳು. ಟೀಚರುಗಳಿಗೆಲ್ಲ ಹೊಸ ತರಬೇತಿ ನಡೆದಿತ್ತು, ಮಕ್ಕಳ ಮನೆಯ ಸಂಸ್ಕೃತಿಗೆ ತಕ್ಕಂತೆ ಪಾಠ ಹೇಳುವುದು ಹೇಗೆ ಎಂದು. ಅದರಲ್ಲಿ ಚೆನ್ನಾಗಿ ಮಾತಾಡಿದವಳು ಇವಳೇ ಎಂದು, ಶಾಲೆಯ ಉಳಿದವರಿಗೆ ತಿಳಿಸಿಕೊಡುವ ಜವಾಬ್ದಾರಿ ಇವಳ ಕೊರಳಿಗೆ ಬಿದ್ದಿತ್ತು.

"ಮಗು ಖಾಲಿ ಕೈಯಲ್ಲಿ ಬರುವುದಿಲ್ಲ. ತನ್ನ ಮನೆಯ ಮಾತು, ಮೌನ, ರೀತಿ ರಿವಾಜುಗಳನ್ನು ಹೊತ್ತು ತರುತ್ತದೆ. ಅದನ್ನು ಅರಿಯದ ಶಿಕ್ಷಕರು..."

ಅತ್ತಿಗೆ ಮೆಟ್ಟಿಲು ಹತ್ತಿ ಬಂದಳು. "ನಿಲ್ಲಿಸ್ಬೇಡ, ಹೇಳು. ಚೆನ್ನಾಗಿದೆ. ಅರಿಯದ ಶಿಕ್ಷಕರು ಅಂದೆ, ಸರಿ. ಅರಿತೂ ತೆಪ್ಪಗಿರೋ ಶಿಕ್ಷಕರಿಗೆ ಏನಂತಾರೆ ನಿಮ್ಮ ತರಬೇತೀಲಿ?"

ಟೀಚರಮ್ಮನ ಮುಖ ಕಪ್ಪಿಟ್ಟಿತು. "ಏನಾಯ್ತು ಈಗ?"

"ಗುಂಡಿ ಯಾಕೆ ಉತ್ತರ ಹೇಳಲ್ಲ ಅಂತ ನಿಂಗೆ ಮೊದಲ ದಿನದಿಂದ ಗೊತ್ತು. ಗೊತ್ತಾ ಇಲ್ವಾ?"

ಟೀಚರಮ್ಮ ಕನ್ನಡಿಯ ಕಡೆ ತಿರುಗಿದಳು.

"ನಿನ್ನ ಆ ಮೇಡಂಗೆ ಒಂದು ಮಾತು ಹೇಳು. ಈ ಮಗು ಊಹೆ ಹೇಳಲ್ಲ, ಸ್ವಲ್ಪ ಕಾಯಿರಿ ಅಂತ ಹೇಳು. ಇಷ್ಟೇ."

"ನಿಂಗೆ ಹೇಗೆ ಗೊತ್ತು ಅಂದ್ರೆ ಏನು ಹೇಳ್ಲಿ ಅತ್ತಿಗೆ? ಲಾಂಡ್ರಿ ಮನೆ ರೀತಿ ನಿಂಗೆ ಹೇಗೆ ಗೊತ್ತು ಅಂದ್ರೆ?" ಟೀಚರಮ್ಮನ ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಸಿಟ್ಟೇ ಇತ್ತು. "ನಿಮಗೇನು, ನೀವು ಬೇರೆ ಮನೆಯಿಂದ ಬಂದವರು. ನಮ್ಮ ಕ್ಲಾಸಿನ ಹುಡುಗೀರು ನನ್ನ ಪಕ್ಕ ಕೂತ್ಕೊಳ್ತಿರ್ಲಿಲ್ಲ. ಊರವರ ಬೆವರು ವಾಸನೆ ಅಂತ ಮೂಗು ಮುಚ್ಕೋತಿದ್ರು. ಈಗ ಅಲ್ಲಿ ಒಬ್ಬರೂ ಹಾಗೆ ಮಾಡಲ್ಲ. ಅದನ್ನ ಬಿಟ್ಕೊಡು ಅಂತೀರಾ?"

"ಗುಂಡಿ ಪಕ್ಕಾನೂ ಯಾರೂ ಕೂತ್ಕೊಳ್ತಿಲ್ಲ. ಅದು ಗೊತ್ತಾ?"

"ನೋಡ್ತೀನಿ. ಸಮಯ ನೋಡಿ ಹೇಳ್ತೀನಿ," ಎಂದಳು ಟೀಚರಮ್ಮ.

ಸಮಯ ನೋಡುವವರಿಗೆ ಅದು ಎಂದೂ ಬರುವುದಿಲ್ಲ. ಭಾಷಣ ಮಾತ್ರ ಆಯಿತು, ಚಪ್ಪಾಳೆಯೂ ಬಿತ್ತು. ಅದರ ಫಲ ಮುಂದಿನ ವಾರ ಲಾಂಡ್ರಿಯ ಮೆಟ್ಟಿಲು ಹತ್ತಿ ಬಂತು.

ಗುಂಡಿ ಶಾಲೆಯಿಂದ ಬರುವಾಗ ಬೆನ್ನಿಗೆ ಬ್ಯಾಗು, ಎರಡು ಕೈಯಲ್ಲೂ ಎರಡು ಚೀಲ. ಚೀಲಗಳು ನೆಲಕ್ಕೆ ತಾಗಿ ತಳ ಹರಿದಿದ್ದವು. ತಾಯಿ ಬಿಚ್ಚಿ ನೋಡಿದಳು. ತರಗತಿಯ ಕಿಟಕಿ ಪರದೆಗಳು, ಒಂದು ಉಣ್ಣೆಯ ಶಾಲು, ಎರಡು ಸ್ವೆಟರು, ಒಂದು ಕೋಟು.

"ಏನೇ ಇದು?"

"ಪ್ರಾಜೆಕ್ಟು," ಎಂದಳು ಗುಂಡಿ. "ಎಲ್ಲರ ಮನೆ ಕೆಲಸಾನೂ ಕ್ಲಾಸಿಗೆ ಬರ್ಬೇಕಂತೆ. ಬೇಕರಿ ಹುಡುಗ ಬ್ರೆಡ್ ಮಾಡೋದು ಹೇಳ್ದ. ಡ್ರೈವರ್ ಮಗಳು ಬಸ್ಸಿನ ಚಿತ್ರ ಬರೆದ್ಲು. ನಂಗೆ ಇದನ್ನ ಒಗೆದು ತಗೊಂಡು ಬಾ ಅಂದ್ರು."

"ನೀನು ಹೇಗೆ ಮಾಡ್ತೀವಿ ಅಂತ ಹೇಳೋದು ಬೇಡ್ವಂತಾ?"

"ನಾನು ಮಾತಾಡಲ್ವಲ್ಲ, ಅದಕ್ಕೆ ಕೆಲಸ ಮಾಡಿ ತೋರಿಸಿದ್ರೆ ಸಾಕಂತೆ."

ತಾಯಿಯ ಮೈ ಉರಿದುಹೋಯಿತು. ಅಜ್ಜಿ ಬಂದು ಶಾಲನ್ನು ಎತ್ತಿ ನೋಡಿದಳು. ಮನೆಗೆ ಬಂದ ಟೀಚರಮ್ಮನೂ ನೋಡಿದಳು, ನೋಡಿದ ಕೂಡಲೇ ಗುರುತು ಹಿಡಿದಳು. ದಿನವೂ ತನ್ನ ಪಕ್ಕದಲ್ಲಿ ಕೂತು ಚಹಾ ಕುಡಿಯುವವರ ಶಾಲು, ಕೋಟು.

"ಮಾಡಿಕೊಟ್ಟುಬಿಡೋಣ," ಎಂದಳು ಸಣ್ಣ ದನಿಯಲ್ಲಿ. "ಮೇಡಂಗೆ ಖುಷಿಯಾದ್ರೆ ಗುಂಡಿಗೇ ಒಳ್ಳೇದು."

ಅದುವರೆಗೆ ಮಗಳ ಪರವಾಗಿಯೇ ನಿಂತಿದ್ದ ಅಜ್ಜಿ ಶಾಲನ್ನು ಅವಳ ಮುಖದ ಮೇಲೆಸೆದಳು. "ನಾನು ಒಗೀತೀನಿ ಕಣೇ, ನನ್ನ ಕಸುಬು ಅದು. ಅಂಗಡಿ ಬಾಗಿಲಿಗೆ ತಂದುಕೊಟ್ರೆ ಕಳ್ಳನ ಬಟ್ಟೇನೂ ಒಗೀತೀನಿ. ಆದ್ರೆ ಓದೋಕೆ ಕಳಿಸಿದ ಮಗೂನ ತಲೆ ಮೇಲೆ ಹೊರಿಸಿ ಕಳಿಸ್ತಾರಾ? ಬೇಕರಿಯವನ ಮಗನ ಹತ್ರ ಬ್ರೆಡ್ ತರಿಸ್ಕೊಂಡ್ರಾ? ಡ್ರೈವರ್ ಮಗಳ ಹತ್ರ ಬಸ್ಸು ಓಡಿಸಿದ್ರಾ? ನಿನ್ನ ಭಾಷಣದಿಂದ ಬಂದದ್ದು ಇದು. ಹೋಗು, ನೀನೇ ವಾಪಸ್ ಕೊಟ್ಟು ಬಾ."

"ನಾನು ಹೇಗೆ ಅಮ್ಮಾ..."

"ನೀನು ಹೇಗೂ ಆಗಲ್ಲ. ಅದು ಗೊತ್ತಿರೋದೇ," ಎಂದಳು ಅತ್ತಿಗೆ. ಚೀಲಗಳನ್ನು ಗಂಟುಕಟ್ಟಿ, ಮರುದಿನ ಬೆಳಿಗ್ಗೆ ಗಂಡನ ಕೈಯಲ್ಲಿ ಶಾಲೆಗೆ ಕಳಿಸಿದಳು. ಅವನು ಒಗೆಯದ ಬಟ್ಟೆಯನ್ನು ಮೇಡಂ ಮೇಜಿನ ಮೇಲಿಟ್ಟು, "ಅಂಗಡಿ ಎಂಟಕ್ಕೆ ತೆಗೀತೀವಿ, ಬನ್ನಿ," ಎಂದಷ್ಟೇ ಹೇಳಿ ಬಂದನಂತೆ. ಅವನ ಬಾಯಿಂದ ಅದೇ ದೊಡ್ಡ ಭಾಷಣ.

ಪರೀಕ್ಷೆ ಮುಗಿದ ಮೇಲೆ ಹೆಡ್‌ಮಾಸ್ತರ ಕೋಣೆಗೆ ಕರೆ ಬಂತು. ತಾಯಿ ಗುಂಡಿಯ ಕೈ ಹಿಡಿದು ಒಳಗೆ ಹೋದಾಗ ಮೇಜಿನ ಆಚೆ ಹೆಡ್‌ಮಾಸ್ತರು, ಪಕ್ಕದಲ್ಲಿ ಮೇಡಂ, ಕಿಟಕಿಯ ಹತ್ತಿರ ಟೀಚರಮ್ಮ. ಮಕ್ಕಳ ಮನೆಯ ಸಂಸ್ಕೃತಿ ಬಲ್ಲವರು ಎಂದು ಸಲಹೆಗೆ ಕೂರಿಸಿಕೊಂಡಿದ್ದರಂತೆ! ತಾಯಿಗೆ ನಗು ಬಂತು, ನಗಲಿಲ್ಲ.

ಹೆಡ್‌ಮಾಸ್ತರು ಒಪ್ಪಿಗೆಯ ಕಾಗದವನ್ನು ಮುಂದಕ್ಕೆ ತಳ್ಳಿದರು. "ಮಗೂನ ಒಳ್ಳೇದಕ್ಕೇ ಅಮ್ಮಾ."

"ಸಹಿ ಆಮೇಲೆ ಸರ್. ನನ್ನ ಮಗಳು ದಡ್ಡಿ ಅಲ್ಲ. ನಮ್ಮ ಮನೇಲಿ ಊಹೆ ಹೇಳೋದು ತಪ್ಪು. ಕಲೆ ನೋಡಿ ಊಹೆ ಹೇಳಿದ್ರೆ ಬಟ್ಟೆ ಹಾಳಾಗುತ್ತೆ, ಬೈಗುಳ ಬೀಳುತ್ತೆ. ಅದಕ್ಕೆ ಅವಳು ಪೂರ್ತಿ ಗೊತ್ತಾಗೋವರೆಗೂ ಬಾಯಿ ಬಿಡಲ್ಲ. ಈ ಟೀಚರನ್ನೇ ಕೇಳಿ, ಹೀಗೂ ಮನೆಗಳಿರ್ತಾವಾ ಇಲ್ವಾ ಅಂತ."

ಹೆಡ್‌ಮಾಸ್ತರು ಕಿಟಕಿಯ ಕಡೆ ತಿರುಗಿದರು. "ಏನಂತೀರಿ ಟೀಚರ್?"

ಟೀಚರಮ್ಮ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಇರಬಹುದು ಸರ್. ನಾನು... ಖಚಿತವಾಗಿ ಹೇಳೋಕಾಗಲ್ಲ."

ತಾಯಿ ಅವಳನ್ನು ಒಮ್ಮೆ ನೋಡಿ ಹೆಡ್‌ಮಾಸ್ತರ ಕಡೆ ತಿರುಗಿದಳು. "ಹಾಗಾದ್ರೆ ನೀವೇ ಕೇಳಿ ನೋಡಿ ಸರ್. ಕೇಳಿದ್ಮೇಲೆ ಸುಮ್ಮನಿರಿ. ಅಷ್ಟೇ ನಾನು ಬೇಡೋದು."

"ಹದಿನಾಲ್ಕರಲ್ಲಿ ಒಂಬತ್ತು ಹೋದ್ರೆ?" ಎಂದರು ಹೆಡ್‌ಮಾಸ್ತರು.

ಗುಂಡಿ ನಿಂತಳು. ಫ್ಯಾನು ತಿರುಗಿತು. ಮೇಡಂ, "ಬೆರಳು ಮಡಚು ಪುಟ್ಟಾ," ಎಂದು ಶುರುಮಾಡಿದರು, ತಾಯಿ ಕೈಯೆತ್ತಿ ತಡೆದಳು. ಕಾಯುವುದು ಆ ಕೋಣೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ಒಬ್ಬರು ಕೆಮ್ಮಿದರು, ಒಬ್ಬರು ಗಡಿಯಾರ ನೋಡಿದರು.

"ಐದು," ಎಂದಳು ಗುಂಡಿ.

ಇನ್ನೊಂದು ಲೆಕ್ಕ ಕೇಳಿದರು, ಅದನ್ನೂ ಹೇಳಿದಳು. ಪುಸ್ತಕ ತೆರೆದು ಓದಿಸಿದರು, ತಪ್ಪಿಲ್ಲದೆ ಓದಿದಳು. ಹೆಡ್‌ಮಾಸ್ತರ ಹುಬ್ಬು ಮೇಲೇರಿತು. ಖುಷಿಯಾಗಿ, ಮಗುವಿನ ಭಯ ಬಿಡಿಸೋಣ ಎಂದು ಕಿಟಕಿಯ ಕಡೆ ಕೈ ತೋರಿಸಿದರು.

"ಭೇಷ್! ಕೊನೇದು, ತುಂಬಾ ಸುಲಭದ್ದು. ಇವರು ಯಾರು ಹೇಳು?"

ಗುಂಡಿ ಅತ್ತೆಯನ್ನು ನೋಡಿದಳು. ದಿನವೂ ತನ್ನ ಪಕ್ಕದಲ್ಲಿ ಮಲಗುವವಳು, ವರಾಂಡದಲ್ಲಿ ಕಂಡರೆ ಮುಖ ತಿರುಗಿಸುವವಳು. ತಾಯಿಯೂ ಅವಳನ್ನೇ ನೋಡುತ್ತಿದ್ದಳು. ಈಗಲಾದರೂ ಬಾಯಿ ಬಿಡಬಹುದಿತ್ತು, ಒಂದು ಮಾತು ಸಾಕಿತ್ತು. ಟೀಚರಮ್ಮ ನೆಲ ನೋಡಿದಳು.

"ಗೊತ್ತಿಲ್ಲ ಸರ್," ಎಂದಳು ಗುಂಡಿ.

ಮೇಡಂ ನಕ್ಕುಬಿಟ್ಟರು. "ನೋಡಿದ್ರಾ ಸರ್? ದಿನಾ ಕಾಣೋ ಟೀಚರೇ ಗೊತ್ತಿಲ್ಲ!"

"ನಗ್ಬೇಡಿ," ಎಂದಳು ತಾಯಿ. ದನಿ ಏರಿಸದೆಯೇ ಹೇಳಿದಳು, ಆದರೆ ಮೇಡಂ ನಗು ಅಲ್ಲೇ ನಿಂತಿತು. "ಸರಿ ಉತ್ತರ ಸರ್ ಅದು. ಇವರು ನನ್ನ ಗಂಡನ ಒಡಹುಟ್ಟಿದ ತಂಗಿ. ಆ ಲಾಂಡ್ರೀಲೇ ಹುಟ್ಟಿದವರು. ಇವತ್ತು ಬೆಳಿಗ್ಗೆ ಈ ಮಗೂನ ಜೊತೆ ಕೂತು ತಿಂಡಿ ತಿಂದು ಬಂದವರು. ಅವಳಿಗೊಬ್ಬಳಿಗೇ ಅಲ್ಲ, ಇವರು ಯಾರು ಅಂತ ನಂಗೂ ಗೊತ್ತಿಲ್ಲ."

ಟೀಚರಮ್ಮ ಕಿಟಕಿ ಬಿಟ್ಟು ಮೇಜಿನ ಹತ್ತಿರ ಬಂದಳು. "ನಿಜ ಸರ್," ಎಂದಳು. "ಅವಳು ಊಹೆ ಹೇಳಲ್ಲ. ನಮ್ಮನೇಲಿ ಯಾರೂ ಹೇಳಲ್ಲ. ನಂಗೆ ಮೊದಲಿಂದ ಗೊತ್ತಿತ್ತು."

ಹೆಡ್‌ಮಾಸ್ತರು ಕಾಗದವನ್ನು ಹಿಂದಕ್ಕೆಳೆದುಕೊಂಡು ಎರಡು ತುಂಡು ಮಾಡಿದರು. ಮೇಡಂ ಕಡೆ ನೋಡದೆ, "ಮಗು ತನ್ನ ಕ್ಲಾಸಲ್ಲೇ ಇರ್ಲಿ. ಇನ್ಮೇಲೆ ಕೇಳಿದ್ಮೇಲೆ ಕಾಯಿರಿ," ಎಂದರು. ಗುಂಡಿ ಅಪ್ಪಣೆ ಸಿಕ್ಕ ಕೂಡಲೇ ಬ್ಯಾಗು ಹೊತ್ತು ತರಗತಿಗೆ ಹೊರಟಳು.

ವರಾಂಡದಲ್ಲಿ ಟೀಚರಮ್ಮ ಅತ್ತಿಗೆಯ ಕೈ ಹಿಡಿದುಕೊಂಡು ಅತ್ತಳು. "ತಪ್ಪಾಯ್ತು ಅತ್ತಿಗೆ."

ಅತ್ತಿಗೆ ಕೈ ಬಿಡಿಸಿಕೊಂಡಳು. "ನನ್ನ ಹತ್ರ ಏನಕ್ಕೆ ಹೇಳ್ತೀಯ? ಅವಳು ಅಲ್ಲಿ ಒಬ್ಬಳೇ ಬೆಂಚಲ್ಲಿ ಕೂತಿದ್ದಾಳೆ. ಹೋಗು, ಅಷ್ಟೂ ಮಕ್ಕಳ ಎದುರಿಗೆ ಹೇಳು."

ಟೀಚರಮ್ಮ ಕಣ್ಣೊರೆಸಿಕೊಂಡು ಹೋಗಿ ಎರಡನೇ ತರಗತಿಯ ಬಾಗಿಲಲ್ಲಿ ನಿಂತಳು. ಮಕ್ಕಳು ಗಲಾಟೆ ನಿಲ್ಲಿಸಿ ಎದ್ದು ನಿಂತರು.

"ಕೂತ್ಕೊಳ್ಳಿ," ಎಂದಳು. "ನಾನು ಗುಂಡಿಯ ಅತ್ತೆ. ಅವಳ ಅಪ್ಪನ ತಂಗಿ. ನಾವು ಲಾಂಡ್ರಿ ಮನೆಯವರು."

ಇಡೀ ತರಗತಿ ಹಿಂದಿನ ಬೆಂಚಿನ ಕಡೆ ತಿರುಗಿತು. ಬೇಕರಿಯವನ ಮಗ, "ಹೌದಾ ಗುಂಡಿ? ಇವರು ನಿನ್ನ ಅತ್ತೇನಾ?" ಎಂದು ಕೇಳಿದ.

ಗುಂಡಿ ತಲೆಯೆತ್ತಿದಳು. ಬಾಗಿಲಲ್ಲಿ ನಿಂತವಳ ಕಣ್ಣು, ಕೊರಳಲ್ಲಿದ್ದ ಚೀಟಿ, ಎರಡನ್ನೂ ನಿಧಾನವಾಗಿ ನೋಡಿದಳು. ಉತ್ತರ ಹೇಳುವ ಆತುರ ಅವಳಿಗೆ ಇರಲಿಲ್ಲ. ಟೀಚರಮ್ಮ ಕಾಯುತ್ತ ನಿಂತಳು.